ಸ್ಪೀಕರ್ ಹಾಕಿದ ಸಂದರ್ಶನ

ನಾಚಿಕೆಯಾದರೆ ಮುಖ ಕೆಂಪಾಗುತ್ತದೆ ಎನ್ನುತ್ತಾರೆ. ನನಗೆ ಮೊದಲು ಬಿಸಿಯಾಗುವುದು ಕಿವಿ. ಎಡಗಿವಿ ಮೊದಲು, ಸ್ವಲ್ಪ ಹೊತ್ತು ಬಿಟ್ಟು ಬಲಗಿವಿ. ಆಮೇಲೆ ಕತ್ತಿನ ಹಿಂದೆ ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದಂತಾಗುತ್ತದೆ. ನನ್ನ ಮೈಬಣ್ಣದ ದೆಸೆಯಿಂದ ಇದು ಯಾವುದೂ ಹೊರಗಿನವರಿಗೆ ಕಾಣುವುದಿಲ್ಲ. ಹಾಗಾಗಿ ಊರಿನಲ್ಲಿ ನನಗೆ ಗಂಭೀರ ಮನುಷ್ಯ ಎಂಬ ಹೆಸರಿದೆ. ಅಂಥ ಈ ಗಂಭೀರ ಮನುಷ್ಯನ ಕಿವಿಗಳು ತಮ್ಮ ಜೀವಮಾನದಲ್ಲೇ ಅತಿ ಹೆಚ್ಚು ಕಾದದ್ದು ಬ್ರಹ್ಮಾವರದ ನಮ್ಮ ಮನೆಯ ಚಾವಡಿಯಲ್ಲಿ, ನನ್ನ ಹೆಂಡತಿಯ ಸಂದರ್ಶನದ ದಿನ.

ಮೊದಲು ನನ್ನ ಉದ್ಯೋಗದ ಬಗ್ಗೆ ಹೇಳಬೇಕು. ನಾನು ಸಾಫ್ಟ್‌ವೇರ್ ಇಂಜಿನಿಯರುಗಳಿಗೆ ಕೆಲಸ ಕೊಡಿಸುವವನು. ಕೊಡುವವನಲ್ಲ, ಕೊಡಿಸುವವನು. ಕಂಪನಿಗಳಿಗೆ ಜನ ಬೇಕು, ಜನಕ್ಕೆ ಕೆಲಸ ಬೇಕು, ನಡುವೆ ನಿಂತು ಇಬ್ಬರಿಗೂ ಫೋನು ಮಾಡುತ್ತಿರುವುದು ನನ್ನ ಕೆಲಸ. ಬೆಂಗಳೂರಿನಲ್ಲಿದ್ದಾಗ ಇದನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಆರ್ಥಿಕ ಹಿಂಜರಿತ ಬಂದು ನಮ್ಮ ಆಫೀಸು ಬಾಗಿಲು ಹಾಕಿ, ಮನೆಯಿಂದಲೇ ಫೋನು ಮಾಡಿಕೊಂಡಿರು ಎಂದು ಯಜಮಾನರು ಹೇಳಿದ ಮೇಲೆ ಹೆಂಡತಿ ಮಗಳನ್ನು ಕರೆದುಕೊಂಡು ಬ್ರಹ್ಮಾವರಕ್ಕೆ ಬಂದೆ. ಆಗ ಶುರುವಾಯಿತು ಕಷ್ಟ. ಮಹಡಿಯ ಕೋಣೆಯಲ್ಲಿ ಕುಳಿತು ದಿನವಿಡೀ ಯಾರ ಯಾರದೋ ವಿದ್ಯಾಭ್ಯಾಸ, ಸಂಬಳ, ಊರು ವಿಚಾರಿಸುತ್ತಿದ್ದ ನನ್ನನ್ನು ಅಕ್ಕಪಕ್ಕದವರು ಮದುವೆ ದಲ್ಲಾಳಿ ಎಂದೇ ತಿಳಿದರು. ದೂರದ ನೆಂಟರೊಬ್ಬರು ತಮ್ಮ ಮಗಳ ಬಯೋಡಾಟಾವನ್ನೂ ಜಾತಕವನ್ನೂ ಒಂದೇ ಲಕೋಟೆಯಲ್ಲಿ ಹಾಕಿ ತಂದುಕೊಟ್ಟು, "ಯಾವ್ದ್ ಮೊದ್ಲ್ ಆತ್ತೋ ಅದನ್ನ್ ಮಾಡಿ" ಎಂದು ಹೋಗಿದ್ದರು. ಬಯೋಡಾಟಾಕ್ಕಿಂತ ಜಾತಕವೇ ಚೆನ್ನಾಗಿತ್ತು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಕ್ರಮೇಣ ವಿಷಯ ತಿಳಿದು, ಸುತ್ತಮುತ್ತಲ ಕಾಲೇಜುಗಳವರು ನನ್ನನ್ನು ಭಾಷಣಕ್ಕೆ ಕರೆಯತೊಡಗಿದರು. ಸಂದರ್ಶನ ಎದುರಿಸುವುದು ಹೇಗೆ ಎಂಬುದೇ ಪ್ರತಿಸಲವೂ ವಿಷಯ. ಕುಂದಾಪುರದಲ್ಲಿ ಒಮ್ಮೆ, ಬೈಂದೂರಿನಲ್ಲಿ ಒಮ್ಮೆ, ಶಾಲು ಹಾರ ಸಮೇತ. ನಾನು ಹೇಳುತ್ತಿದ್ದುದು ತಪ್ಪೇನೂ ಅಲ್ಲ. ಬಯೋಡಾಟಾ ಎರಡು ಪುಟ ಮೀರಬಾರದು. ಹವ್ಯಾಸ ಎಂಬಲ್ಲಿ ಸಂಗೀತ ಕೇಳುವುದು ಎಂದು ಬರೆಯಬೇಡಿ, ಕಿವಿ ಇದ್ದವರೆಲ್ಲ ಕೇಳುತ್ತಾರೆ. ಇ-ಮೇಲ್ ವಿಳಾಸದಲ್ಲಿ ರಾಜಕುಮಾರ, ಹುಲಿ, ಸಿಂಹ ಬೇಡ, ಅಪ್ಪ ಅಮ್ಮ ಇಟ್ಟ ಹೆಸರು ಸಾಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ನೀವೇ ಮಾಡಿದ ಕೆಲಸದ ಬಗ್ಗೆ ಮಾತಾಡಿ. ಕೊನೆಯ ಎರಡು ಮಾತು ಹೇಳುವಾಗ ನಾನು ಧ್ವನಿ ತಗ್ಗಿಸಿ, ಕನ್ನಡಕ ತೆಗೆದು ಸಭೆಯನ್ನು ನೋಡುತ್ತಿದ್ದೆ. ಕನ್ನಡಕ ತೆಗೆದರೆ ನನಗೆ ಸಭೆ ಕಾಣುವುದಿಲ್ಲ. ಸಭೆಗೆ ನಾನು ಚೆನ್ನಾಗಿ ಕಾಣುತ್ತೇನೆ ಎಂಬ ನಂಬಿಕೆ.

ನನ್ನ ಹೆಂಡತಿ ಶೈಲಜಾ ಕೂಡ ಇಂಜಿನಿಯರೇ. ಮದುವೆಯ ಹೊತ್ತಿಗೆ ಅವಳ ಸಂಬಳ ನನಗಿಂತ ಜಾಸ್ತಿಯಿತ್ತು. ಮಗಳು ಹುಟ್ಟಿದಾಗ ಕೆಲಸ ಬಿಟ್ಟಳು. ಬಿಡು ಎಂದು ನಾನು ಹೇಳಲಿಲ್ಲ. ಬಿಡಬೇಡ ಎಂದೂ ಹೇಳಲಿಲ್ಲ. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಒಂದು ಸಂಜೆ, ಬಸಳೆ ಸೊಪ್ಪು ಬಿಡಿಸುತ್ತ ಕುಳಿತವಳು ತಲೆ ಎತ್ತದೆ, "ಮಣಿಪಾಲದಂಗೆ ಒಂದ್ ಕಂಪ್ನಿಗೆ ಅರ್ಜಿ ಹಾಕಿದ್ದೆ. ಗುರುವಾರ ಫೋನಂಗೆ ಇಂಟರ್‌ವ್ಯೂ ಮಾಡ್ತ್ರಂಬ್ರ್" ಎಂದಳು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಎರಡನೆಯದಾಗಿ. ಮೊದಲು ಆದದ್ದು ಅವಮಾನ. ಊರಿಗೆಲ್ಲ ಕೆಲಸ ಕೊಡಿಸುವವನು ಮನೆಯಲ್ಲೇ ಇರುವಾಗ, ಅವನಿಗೊಂದು ಮಾತು ಹೇಳದೆ ಅವನ ಹೆಂಡತಿ ಅರ್ಜಿ ಹಾಕುವುದೆಂದರೇನು? "ನನ್ನತ್ರ ಎಂತಕ್ಕೆ ಹೇಳ್ಲಿಲ್ಲ?" ಎಂದೆ. "ನೀವ್ ಬಿಡುವಿಲ್ದೆ ಫೋನಂಗೆ ಇದ್ರಿ" ಎಂದಳು. ಅದು ನಿಜವೋ ಚುಚ್ಚಿದ್ದೋ ಈಗಲೂ ನನಗೆ ತಿಳಿದಿಲ್ಲ.

ಅಂದಿನಿಂದ ಗುರುವಾರದವರೆಗೆ ನಾನು ಅವಳಿಗೆ ತರಬೇತಿ ಕೊಟ್ಟೆ. ಅವಳು ಕೇಳಿರಲಿಲ್ಲ. ದೋಸೆ ಹೊಯ್ಯುವಾಗ ಪಕ್ಕದಲ್ಲಿ ನಿಂತು, ನಿಮ್ಮ ದೌರ್ಬಲ್ಯವೇನು ಎಂದು ಕೇಳುತ್ತಿದ್ದೆ. "ತಾಳ್ಮೆ ಕಮ್ಮಿ. ಬದಿಗ್ ಸರೀನಿ, ಕಾವ್ಲಿ ಬಿಸಿ ಇತ್ತ್" ಎನ್ನುತ್ತಿದ್ದಳು. ದೊಡ್ಡ ತಕರಾರು ಬಂದದ್ದು ಅವಳು ಕೆಲಸ ಬಿಟ್ಟು ಮನೆಯಲ್ಲಿದ್ದ ಆರು ವರ್ಷಗಳ ಬಗ್ಗೆ. ಬಯೋಡಾಟಾದಲ್ಲಿ ಆರು ವರ್ಷದ ಖಾಲಿ ಜಾಗವೆಂದರೆ ನಮ್ಮ ವೃತ್ತಿಯಲ್ಲಿ ಮುಂದಿನ ಹಲ್ಲು ಹೋದ ಹಾಗೆ. ಬಾಯಿ ಬಿಟ್ಟ ಕೂಡಲೇ ಕಾಣುತ್ತದೆ. ಆ ಕಾಲದಲ್ಲಿ ಸ್ವತಂತ್ರ ಸಲಹೆಗಾರ್ತಿಯಾಗಿ ವಿವಿಧ ಉದ್ಯಮಗಳಿಗೆ ಸೇವೆ ಸಲ್ಲಿಸಿದ್ದೆ ಎಂದು ಹೇಳು ಎಂದು ಒಂದು ವಾಕ್ಯ ಮಾಡಿಕೊಟ್ಟೆ. ಇದೇ ವಾಕ್ಯವನ್ನು ಹಿಂದೆ ಅನೇಕರಿಗೆ ಕೊಟ್ಟಿದ್ದೆ. ಒಳ್ಳೆಯ ವಾಕ್ಯ.

"ಯಾವ ಉದ್ಯಮ? ಚಿಕ್ಕಪ್ಪಯ್ಯನ ಹೋಟ್ಲಿಗೆ ಬಿಲ್ಲಿನ ಪ್ರೋಗ್ರಾಂ ಬರ್ದ್ ಕೊಟ್ಟಿದ್ದೆ. ಅದನ್ನ್ ಹೇಳ್ತೆ" ಎಂದಳು ಶೈಲಜಾ.

ಅವಳ ಚಿಕ್ಕಪ್ಪನದು ಕುಂದಾಪುರದಲ್ಲಿ ಒಂದು ಊಟದ ಹೋಟೆಲು. ರಜೆಗೆ ಊರಿಗೆ ಬಂದಾಗಲೆಲ್ಲ ಇವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಲ್ಲಿಯ ಕಂಪ್ಯೂಟರಿನಲ್ಲಿ ಏನೋ ಕುಟ್ಟುತ್ತಿದ್ದುದು ನನಗೆ ನೆನಪಿತ್ತು. "ಮರಾಯ್ತಿ, ಮೀನೂಟದ ಬಿಲ್ಲಿನ ಸುದ್ದಿ ಕಂಪ್ನಿಯವ್ರತ್ರ ಹೇಳುಕಾತ್ತಾ? ನೆಗಾಡ್ತ್ರ್" ಎಂದೆ. ಅವಳು ಮತ್ತೆ ಮಾತಾಡಲಿಲ್ಲ. ಒಪ್ಪಿದಳು ಎಂದುಕೊಂಡೆ. ಮದುವೆಯಾಗಿ ಅಷ್ಟು ವರ್ಷವಾದರೂ ಅವಳ ಮೌನದ ಅರ್ಥ ನನಗೆ ಗೊತ್ತಾಗುತ್ತಿರಲಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಗುರುವಾರ ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಚಾವಡಿಯ ಮೇಜಿನ ಮೇಲೆ ಮೊಬೈಲು ಇಟ್ಟು ಸ್ಪೀಕರ್ ಹಾಕಿಸಿದೆ. ನಾನೂ ಕೇಳಿಸಿಕೊಂಡರೆ ಆಮೇಲೆ ತಿದ್ದಬಹುದಲ್ಲ ಎಂದು ಅವಳಿಗೆ ಹೇಳಿದ ಕಾರಣ. ನಿಜವಾದ ಕಾರಣ, ನನ್ನ ಜೇಬಿನಲ್ಲಿ ಉತ್ತರಗಳನ್ನು ಬರೆದ ಚೀಟಿಗಳಿದ್ದವು. ಪ್ರಶ್ನೆ ಬಂದ ಹಾಗೆ ಚೀಟಿ ಮುಂದಿಡುವುದು ನನ್ನ ಯೋಜನೆ. ಆ ಕಡೆಯಿಂದ ಮಾತಾಡಿದವರು ವಿದ್ಯಾ ಎಂಬ ಮ್ಯಾನೇಜರು. ಇಂಗ್ಲಿಷು ಎಷ್ಟು ನಯವಾಗಿತ್ತೆಂದರೆ ದೆಹಲಿಯ ಕಡೆಯವರಿರಬೇಕು ಎಂದು ನಾನು ತೀರ್ಮಾನಿಸಿದೆ. ಜನರ ಧ್ವನಿ ಕೇಳಿಯೇ ಊರು ಹೇಳುತ್ತೇನೆ ಎಂಬ ಹೆಮ್ಮೆ ನಮ್ಮ ವೃತ್ತಿಯವರಿಗೆ ಇರುತ್ತದೆ.

ಮೊದಲ ಪ್ರಶ್ನೆಗಳಿಗೆ ಶೈಲಜಾ ಚೆನ್ನಾಗಿಯೇ ಉತ್ತರಿಸಿದಳು. ನಾನು ಉತ್ಸಾಹದಿಂದ ಚೀಟಿಗಳನ್ನು ಮೇಜಿನ ಮೇಲೆ ಹರಡಿದ್ದೇ ತಡ, ಫ್ಯಾನಿನ ಗಾಳಿಗೆ ಅವು ಎದ್ದು ಮನೆಯೆಲ್ಲ ಹಾರಿದವು. ನನ್ನ ವೃತ್ತಿಜೀವನದ ಸಾರವೆಲ್ಲ ಸೋಫಾದ ಅಡಿಗೆ ಸೇರಿತು. ಅಷ್ಟರಲ್ಲಿ ಆಕೆ ಯಾವುದೋ ಹೊಸ ತಂತ್ರಜ್ಞಾನದ ಹೆಸರು ಹೇಳಿ, ಇದು ಗೊತ್ತೇ ಎಂದು ಕೇಳಿದರು. ಶೈಲಜಾ ಯೋಚಿಸಿದಳು. ನನಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದೆ, "ಗೊತ್ತಿತ್ ಅಂದೇಳ್. ಒಂದ್ ಪ್ರಾಜೆಕ್ಟ್ ಮಾಡಿದ್ದೆ ಅಂದೇಳ್."

ನಮ್ಮ ಕುಂದಾಪ್ರ ಕನ್ನಡದ ಮೇಲೆ ನನಗೆ ಅಪಾರ ಭರವಸೆ. ಬೆಂಗಳೂರಿನ ಬಸ್ಸಿನಲ್ಲಿ ಎದುರಿಗೆ ಕುಳಿತವರ ಬಗ್ಗೆಯೇ ನಾವಿಬ್ಬರೂ ಅದರಲ್ಲಿ ಮಾತಾಡಿಕೊಂಡದ್ದಿದೆ. ಒಬ್ಬರಿಗೂ ತಿಳಿದದ್ದಿಲ್ಲ. ಶೈಲಜಾ ನನ್ನನ್ನು ಕೆಕ್ಕರಿಸಿ ನೋಡಿ, ಅದು ನನಗೆ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು. ಆಗ ಬಂತು ನಾನು ಹೆದರಿದ್ದ ಪ್ರಶ್ನೆ. ಈ ಆರು ವರ್ಷ ಏನು ಮಾಡುತ್ತಿದ್ದಿರಿ? ನಾನು ಇನ್ನೂ ಬಗ್ಗಿದೆ. "ಮಗಿನ್ ಸುದ್ದಿ ತೆಗಿಬೇಡ. ಹೋಟ್ಲ್ ಸುದ್ದಿ ತೆಗಿಲೇ ಬೇಡ. ನಾ ಹೇಳ್ಕೊಟ್ಟದ್ದ್ ಹೇಳ್."

ಫೋನು ಸುಮ್ಮನಾಯಿತು. ನೆಟ್‌ವರ್ಕ್ ಹೋಯಿತೇ ಎಂದು ನಾನು ಕತ್ತು ಚಾಚಿ ನೋಡಿದೆ. ಆಗ ಆ ದೆಹಲಿಯ ಧ್ವನಿ ಬಹಳ ಮರ್ಯಾದೆಯಿಂದ, ಅಚ್ಚ ಕುಂದಾಪ್ರ ಕನ್ನಡದಲ್ಲಿ ಹೇಳಿತು: "ಶೈಲಜಾ, ನಿಮ್ಮ್ ಯಜಮಾನ್ರಿಗೆ ಸ್ವಲ್ಪ ಹೊರ್ಗ್ ಹೋಯಿ ಕೂಕಂಬುಕೆ ಹೇಳಿ. ನಂಗ್ ಆ ಹೋಟ್ಲ್ ಸುದ್ದಿಯೇ ಬೇಕಿತ್ತ್."

ನನ್ನ ಎರಡೂ ಕಿವಿಗಳು ಒಟ್ಟಿಗೆ ಕಾದದ್ದು ಅದೇ ಮೊದಲು. ಶೈಲಜಾ ಬಾಗಿಲ ಕಡೆ ನೋಡಿದಳು, ಅಷ್ಟೇ. ನಾನು ಚಪ್ಪಲಿ ಕೂಡ ಹಾಕಿಕೊಳ್ಳದೆ ಅಂಗಳಕ್ಕಿಳಿದೆ. ಬೆನ್ನ ಹಿಂದೆ ಅವಳು ಸ್ಪೀಕರ್ ತೆಗೆದದ್ದು ಗೊತ್ತಾಯಿತು.

ಅಂಗಳ ಆಗಲೇ ಕಾದಿತ್ತು. ಒಂದು ಕಾಲು ಎತ್ತಿ ಇನ್ನೊಂದು ಇಡುತ್ತ ನಿಂತಿದ್ದಾಗ ಪಕ್ಕದ ಮನೆಯ ಶೀನಣ್ಣ ಕಂಪೌಂಡಿನ ಆಚೆಯಿಂದ ಕತ್ತು ಎತ್ತಿದರು. ಮುಂಬಯಿಯ ಹೋಟೆಲುಗಳಲ್ಲಿ ಬಹಳ ಕಾಲ ದುಡಿದು ಊರಿಗೆ ಬಂದವರು.

"ಹ್ವಾಯ್, ಎಂತ ಬಿಸ್ಲಂಗೆ ಕುಣಿತಾ ಇದ್ರಿ?"

"ಒಳ್ಗ್ ಇಂಟರ್‌ವ್ಯೂ ಆತಾ ಇತ್ತ್" ಎಂದೆ.

"ಹೌದಾ? ಮತ್ತೆ ನೀವ್ ಹೊರ್ಗ್ ಎಂತಕ್ಕೆ?"

"ಹೊರ್ಗ್ ಕೂಕಣಿ ಅಂದ್ರ್."

ಶೀನಣ್ಣ ನನ್ನನ್ನು ಕರುಣೆಯಿಂದ ನೋಡಿದರು. "ಬೊಂಬಾಯಂಗೆ ನನ್ನನ್ನೂ ಹಾಂಗೇ ಹೊರ್ಗ್ ಕೂರ್ಸಿದ್ರ್. ಕಡಿಗೆ ಕೆಲ್ಸ ಸಿಕ್ತ್. ಹೆದ್ರಬೇಡಿ, ನಿಮ್ಗೂ ಸಿಕ್ಕತ್ತ್" ಎಂದು ಸಮಾಧಾನ ಹೇಳಿ ಒಳಗೆ ಹೋದರು. ಅಂದು ಸಂಜೆಯೊಳಗೆ, ನನ್ನ ಕೆಲಸ ಹೋಗಿದೆ, ಪಾಪ, ಬೇರೆ ಹುಡುಕುತ್ತಿದ್ದಾರೆ ಎಂದು ನಮ್ಮ ಕೇರಿಯಲ್ಲೆಲ್ಲ ಸುದ್ದಿಯಾಯಿತು.

ಕಿಟಕಿಯಿಂದ ಶೈಲಜಾಳ ಮಾತು ಕೇಳುತ್ತಿತ್ತು. ಮಧ್ಯಾಹ್ನದ ಊಟದ ಗಲಾಟೆಯಲ್ಲಿ ಕರೆಂಟು ಹೋದರೆ ಅರ್ಧ ಬರೆದ ಬಿಲ್ಲುಗಳೆಲ್ಲ ಅಳಿಸಿಹೋಗುತ್ತಿದ್ದುದು, ಉಂಡವರು ಕೈತೊಳೆದು ಹೋಗಿಬಿಡುತ್ತಿದ್ದುದು, ಕರೆಂಟು ಬಂದ ಕೂಡಲೇ ಬಿಲ್ಲು ನಿಂತಲ್ಲಿಂದಲೇ ಮುಂದುವರಿಯುವಂತೆ ಅವಳು ಮಾಡಿದ್ದು, ಮೊದಲ ಸಲ ಮಾಡಿದ್ದು ಕೆಟ್ಟು ಒಂದೇ ಗಿರಾಕಿಗೆ ಎರಡೆರಡು ಬಿಲ್ಲು ಹೋಗಿ ಚಿಕ್ಕಪ್ಪ ಬೈಗುಳ ತಿಂದದ್ದು. ಅವಳು ನಗುತ್ತಿದ್ದಳು. ಆ ಕಡೆಯವರೂ ನಗುತ್ತಿದ್ದಿರಬೇಕು. ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಆರು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವಳನ್ನು ಕೇಳಿರಲೇ ಇಲ್ಲ. ದಿನಕ್ಕೆ ಎಷ್ಟೋ ಅಪರಿಚಿತರಿಗೆ, ನಿಮ್ಮ ಕೆಲಸದ ಬಗ್ಗೆ ಹೇಳಿ ಎಂದು ಕೇಳುವ ಮನುಷ್ಯ ನಾನು. ಕಾಲು ಸುಡುತ್ತಿತ್ತು. ಆದರೂ ನೆರಳಿಗೆ ಹೋಗಲು ಮನಸ್ಸಾಗಲಿಲ್ಲ.

ಒಳಗೆ ಹೋದಾಗ ಅವಳು ನೆಲದ ಮೇಲಿನ ಚೀಟಿಗಳನ್ನು ಹೆಕ್ಕುತ್ತಿದ್ದಳು. ಬೈಯಲಿಲ್ಲ. "ಅನ್ನಕ್ಕೆ ಇಡ್ತೆ" ಎಂದಳು. ಬೈದಿದ್ದರೆ ಊಟ ಸೇರುತ್ತಿತ್ತು. ಅವಳಿಗೆ ಕೆಲಸ ತಪ್ಪಿದರೆ ಅದಕ್ಕೆ ಕಾರಣ ಯಾರೆಂದು ಇಬ್ಬರಿಗೂ ಗೊತ್ತಿತ್ತು. ಆ ವಾರ ಮಹಡಿಯ ಕೋಣೆಯಲ್ಲಿ ಫೋನು ಹಿಡಿದು ಉತ್ತರ ಹೇಳಿಕೊಡುವಾಗಲೆಲ್ಲ ನನ್ನ ಧ್ವನಿ ತಾನೇ ತಾನಾಗಿ ತಗ್ಗುತ್ತಿತ್ತು. ಹುಡುಗರು, ಸಾರ್ ನೆಗಡಿಯಾ ಎಂದು ವಿಚಾರಿಸಿದರು.

ಕೊನೆಗೆ ಮಣಿಪಾಲದಿಂದ ಎರಡನೇ ಸುತ್ತಿಗೆ ಕರೆ ಬಂತು, ಆಫೀಸಿಗೇ ಬರಬೇಕೆಂದು. ನಾನು ಕಾರಿನಲ್ಲಿ ಬಿಟ್ಟುಬರುತ್ತೇನೆ ಎಂದೆ. "ಕಾರಂಗೇ ಕೂಕಂತ್ರ್ಯಾ?" ಎಂದು ಕೇಳಿದಳು. ಕೂರುತ್ತೇನೆ ಎಂದೆ. ಕೂತೆ ಕೂಡ, ಗಾಜು ಏರಿಸಿ, ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡು. ಒಳಗೆ ಹೋದವಳು ಬಹಳ ಹೊತ್ತಿನ ಮೇಲೆ ಹೊರಬಂದಳು. ಜೊತೆಗೆ ನರೆಗೂದಲಿನ ಒಬ್ಬ ಹೆಂಗಸು. ಅವರು ನೇರ ಕಾರಿನ ಹತ್ತಿರ ಬಂದು ಗಾಜು ತಟ್ಟಿದರು.

"ನಮಸ್ಕಾರ. ನಾನ್ ವಿದ್ಯಾ. ಬೈಂದೂರಿನವ್ಳೇ. ನಿಮ್ಮ್ ದನಿ ಕೇಂಡಿದೆ, ಮುಖ ಕಂಡಿರ್ಲಿಲ್ಲ."

ನಾನು ಕಾರಿನಿಂದ ಇಳಿದು, ತಪ್ಪಾಯಿತು ಎಂದು ಹೇಳಲು ಹೋಗಿ, ಅಭ್ಯಾಸಬಲದಿಂದ ವಿಸಿಟಿಂಗ್ ಕಾರ್ಡು ಕೊಟ್ಟೆ. ವಿದ್ಯಾ ಅದನ್ನು ಓದಿದರು. "ಓ, ನೀವಾ. ನಿಮ್ಮ್ ಕಡೆಯಿಂದ ನಮ್ಮಲ್ಲಿಗೆ ಸುಮಾರ್ ಮಕ್ಳ್ ಬಂದಿರ್. ಎಲ್ಲರೂ ಸ್ವತಂತ್ರ ಸಲಹೆಗಾರ್ರೇ" ಎಂದರು. ಶೈಲಜಾ ರಸ್ತೆಯ ಕಡೆ ತಿರುಗಿ ಬಸ್ಸು ನೋಡತೊಡಗಿದಳು. ಅವಳ ಭುಜ ಅಲುಗುತ್ತಿತ್ತು. "ಅವ್ರೂ ಎಂತಾರೂ ಮಾಡಿಯೇ ಇರ್ತ್ರ್ ಅಲ್ದಾ? ಅದನ್ನೇ ಹೇಳುಕೆ ಬಿಡಿ. ನಂಗೂ ಬೇಜಾರ್ ಕಮ್ಮಿ ಆತ್ತ್" ಎಂದು ಹೇಳಿ ವಿದ್ಯಾ ಒಳಗೆ ಹೋದರು. ಗಟ್ಟಿಯಾಗಿ ಗದರಿಸಿದ್ದರೆ ನಾನೂ ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ. ಇಷ್ಟು ಮೆತ್ತಗೆ ಹೇಳಿದ್ದಕ್ಕೆ ಖಾಲಿ ಬಾಗಿಲಿಗೆ ಕೈಮುಗಿದೆ.

ಶೈಲಜಾಳಿಗೆ ಕೆಲಸ ಸಿಕ್ಕಿತು. ಈಗ ಬೆಳಿಗ್ಗೆ ದೋಸೆ ಹೊಯ್ಯುವುದು ನಾನು. ಕೆಲಸ ಸಿಕ್ಕ ಸಂತೋಷಕ್ಕೆ ಕೊಕ್ಕರ್ಣೆಯ ಮಾವನ ಮನೆಯಲ್ಲಿ ಒಂದು ಭಾನುವಾರ ಊಟ ಏರ್ಪಾಡಾಯಿತು. ಕೋಳಿ ಸಾರು, ರೊಟ್ಟಿ, ಪಂಕ್ತಿ ತುಂಬ ನೆಂಟರು. ಮಾವ ಬಡಿಸುವವರನ್ನು ತಡೆದು ಎಲ್ಲರಿಗೂ ಕೇಳುವಂತೆ, "ಅಳಿಯಂದಿರ್ ಇದ್ದದ್ದಕ್ಕಾಯ್ತ್. ಇಲ್ದಿರೆ ಆರ್ ವರ್ಷ ಮನ್ಯಂಗಿದ್ದ ಹೆಣ್ಣಿಗೆ ಯಾರ್ ಕೆಲ್ಸ ಕೊಡ್ತ್ರ್?" ಎಂದರು.

ನಾನು ಎಲೆ ನೋಡಿದೆ. ಶೈಲಜಾ ರೊಟ್ಟಿಯ ಬುಟ್ಟಿ ಹಿಡಿದು ನನ್ನ ಮುಂದೆಯೇ ನಿಂತಿದ್ದಳು. "ಹೌದ್ ಅಪ್ಪಯ್ಯ. ಸರಿಯಾದ್ ಹೊತ್ತಿಗೆ ಎದ್ದ್ ಹೊರ್ಗ್ ಹೋದ್ರ್. ಅದೊಂದ್ ದೊಡ್ಡ ಉಪಕಾರ ಮಾಡಿರ್" ಎಂದಳು.

ಮಾವನಿಗೆ ಅದು ಅರ್ಥವಾಗಲಿಲ್ಲ. ಆದರೆ ಅರ್ಥವಾಗದ್ದನ್ನು ಬಿಟ್ಟುಬಿಡುವವರಲ್ಲ ಅವರು. ಹೆಂಡತಿ ಸ್ವಂತ ಧೈರ್ಯದಿಂದ ಮಾತಾಡಲಿ ಎಂದು ಅಳಿಯ ತಾನಾಗಿ ಎದ್ದುಹೋದರಂತೆ ಎಂದು ಪಕ್ಕದವರಿಗೆ ವಿವರಿಸಿದರು. ಪಕ್ಕದವರು ಅದನ್ನು ಪಂಕ್ತಿಯ ಕೊನೆಯವರೆಗೂ ಮುಟ್ಟಿಸಿದರು. ಅಷ್ಟು ದೂರ ಹೋಗುವಷ್ಟರಲ್ಲಿ ನಾನು ಬಹಳ ಒಳ್ಳೆಯವನಾಗಿದ್ದೆ. ಎದುರು ಸಾಲಿನಲ್ಲಿ ಯಾರೋ, ಕೆಲಸ ಹುಡುಕುವ ಮಕ್ಕಳಿಗೆ ಎರಡು ಮಾತು ಹೇಳಿ ಎಂದು ನನ್ನನ್ನು ಕೇಳಿಕೊಂಡರು. "ನನ್ನತ್ರ ಎಂತ ಇತ್ತ್? ಶೈಲಜನತ್ರ ಕೇಣಿ" ಎಂದೆ. ನಾನು ಹೇಳಿದ್ದು ಅಕ್ಷರಶಃ ಸತ್ಯ. ಅವರೆಲ್ಲ ತಲೆದೂಗಿ, ಎಷ್ಟು ಕಲಿತರೂ ವಿನಯ ಬಿಡಲಿಲ್ಲ ಕಾಣಿ ಎಂದು ಮೆಚ್ಚಿಕೊಂಡರು. ಅದನ್ನು ನಾನು ಬೇಡ ಎನ್ನಲಿಲ್ಲ. ಅತ್ತೆ ಮತ್ತೆ ಬಡಿಸಿದ ಕೋಳಿಯ ತುಂಡನ್ನೂ ಬೇಡ ಎನ್ನಲಿಲ್ಲ.