ನನ್ನ ಬಸ್ಸಿನ ತಲೆ ಎತ್ತದ ಪ್ರಯಾಣಿಕರು

ಕಾರ್ಕಳ–ಉಡುಪಿ ರಸ್ತೆಯಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿ ನನಗೆ ಇಪ್ಪತ್ತಾರು ವರ್ಷ ಆಯಿತು. ಮೊದಲೆಲ್ಲ ಬಸ್ಸು ಹತ್ತಿದವರು ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಈಗ ನನಗೆ ಕಾಣುವುದು ಬರೀ ನೆತ್ತಿ. ಯಾರ ಕೂದಲು ಎಲ್ಲಿಂದ ಉದುರಲು ಶುರುವಾಯಿತೆಂದು ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಎಲ್ಲರೂ ಫೋನಿನೊಳಗೆ. ಹೀಗಿರುವಾಗ ವಾರಕ್ಕೊಂದು ಪ್ರಸಂಗ ಆಗದಿದ್ದರೆ ಅದೇ ಆಶ್ಚರ್ಯ. ನಾನು ಹೇಳುವುದರಲ್ಲಿ ಅರ್ಧ ಉಪ್ಪುಖಾರ ಎಂದು ನಮ್ಮ ಡ್ರೈವರ್ ಹೇಳುತ್ತಾನೆ. ಅವನು ಮುಂದೆ ನೋಡಿಕೊಂಡು ಬಸ್ಸು ಬಿಡುವವ. ಹಿಂದೆ ಆಗುವುದು ಅವನಿಗೆ ಎಂತ ಗೊತ್ತು?

೧. ಕಂಬ ಇಳಿದು ಹೋಯಿತು

ಮಣಿಪಾಲದಲ್ಲಿ ಒಬ್ಬ ಯುವಕ ಹತ್ತಿದ. ಹತ್ತುವಾಗಲೇ ಫೋನಿನಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಬಸ್ಸು ಫುಲ್ ರಶ್. ತಲೆ ಎತ್ತದೆಯೇ ಕೈ ಚಾಚಿ ಸಿಕ್ಕಿದ ಕಂಬ ಹಿಡಿದು ನಿಂತ. ಅದು ಬಸ್ಸಿನ ಕಂಬವೇ ಅಲ್ಲ! ಹಿರಿಯಡ್ಕದ ಒಬ್ಬ ಮೇಸ್ತ್ರಿ ಹೊಸ ಮನೆಯ ಪರದೆಗೆಂದು ಉಡುಪಿಯಿಂದ ತಂದ ಸ್ಟೀಲ್ ರಾಡ್. ಅವರು ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡಿದ್ದರು. ಬ್ರೇಕ್ ಹಾಕಿದಾಗಲೆಲ್ಲ ಮೇಸ್ತ್ರಿ, ರಾಡ್, ಯುವಕ ಮೂವರೂ ಒಂದೇ ಕಡೆಗೆ ವಾಲುತ್ತಿದ್ದರು.

ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಕಣ್ಣು ಮಿಟುಕಿಸಿ, ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಅವರೂ ನನ್ನ ಜಾತಿಯ ಕಿಡಿಗೇಡಿ. ಹಿರಿಯಡ್ಕ ಬಂದಾಗ ರಾಡ್ ಹಿಡಿದುಕೊಂಡು ಮೆಲ್ಲ ಇಳಿದರು. ರಾಡಿನ ಹಿಂದೆ ಯುವಕನೂ ಇಳಿದ. ಹಿಡಿದ ಕೈ ಬಿಡಲಿಲ್ಲ, ತಲೆ ಎತ್ತಲಿಲ್ಲ. ಹೋಟೆಲಿನ ಎದುರಿನವರೆಗೂ ಇಬ್ಬರೂ ನಡೆದರು.

"ನಿಮಗೆ ಎಲ್ಲಿಗೆ ಹೋಗಬೇಕು?" ಮೇಸ್ತ್ರಿ ಕೇಳಿದರು.

"ಕಾರ್ಕಳ."

"ಹಾಗಾದರೆ ದೂರ ಉಂಟು. ನಮ್ಮಲ್ಲಿ ಊಟ ಮಾಡಿಯೇ ಹೋಗಿ."

ಆಗ ಅವನು ತಲೆ ಎತ್ತಿದ. ಓಡಿ ಬಂದು ಬಸ್ಸು ಹತ್ತಿದವನು ಫೋನನ್ನು ಕಿಸೆಗೆ ಹಾಕಿ, ಬಾಗಿಲ ಹತ್ತಿರದ ಕಂಬವನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ ನೋಡಿ ನನ್ನನ್ನು ಕೇಳಿದ: "ಕಂಡಕ್ಟ್ರೆ, ಇದು ಇಲ್ಲಿಯದ್ದೇ ಅಲ್ವಾ?"

೨. ಬಸ್ಸು ಲೇಟು

ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಕ್ಕ ಕೂತು ಅಡುಗೆಯ ವಿಡಿಯೊ ನೋಡುತ್ತಿದ್ದರು. ನಾನು ಅವರ ಕಿವಿಯ ಪಕ್ಕದಲ್ಲೇ "ಮಣಿಪಾಲ್, ಉಡುಪಿ, ಉಡುಪಿ" ಎಂದು ಕೂಗಿ ಬಸ್ಸು ಬಿಟ್ಟೆ. ಉಡುಪಿಗೆ ಹೋಗಿ, ಚಾ ಕುಡಿದು, ವಾಪಸ್ ಬಂದರೆ ಅವರು ಅಲ್ಲೇ ಇದ್ದರು. ವಿಡಿಯೊದಲ್ಲಿ ಮಾತ್ರ ನೀರುಳ್ಳಿ ಕೆಂಪಾಗಿತ್ತು.

ಈ ಸಲ ತಲೆ ಎತ್ತಿ, "ಎಂತ ಮಾರಾಯ್ರೆ, ಉಡುಪಿ ಬಸ್ಸು ಇವತ್ತು ಇಷ್ಟು ಲೇಟಾ?" ಎಂದು ಕೇಳಿದರು.

"ಇಲ್ಲಕ್ಕ, ಉಡುಪಿಗೆ ಮುಟ್ಟಿ ನೋಡಿದರೆ ನೀವು ಇರಲಿಲ್ಲ. ಹಾಗೆ ಕರೆದುಕೊಂಡು ಹೋಗಲಿಕ್ಕೆ ವಾಪಸ್ ಬಂದದ್ದು."

ಅಕ್ಕನಿಗೆ ಪಾಪ ಅನಿಸಿತು. "ಛೇ, ಅಷ್ಟು ದೂರದಿಂದ ಬರಬೇಕಿತ್ತಾ? ಒಂದು ಫೋನ್ ಮಾಡಿದ್ದರೆ ನಾನೇ ಬರುತ್ತಿದ್ದೆ."

೩. ನೇರ ಪ್ರಸಾರ

ರಜೆಯ ದಿನ ಕಾಪುವಿನ ಮೀನು ಮಾರುಕಟ್ಟೆಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಗಂಡಸು ಹೆಂಡತಿಗೆ ವಿಡಿಯೊ ಕಾಲ್ ಮಾಡಿ ಮೀನು ತೋರಿಸುತ್ತಿದ್ದರು. ಹೆಂಡತಿ ಅಲ್ಲಿಂದಲೇ ಯಜಮಾನಿಕೆ ನಡೆಸುತ್ತಿದ್ದರು. "ಕಣ್ಣು ತೋರಿಸಿ. ಕಿವಿರು ತೋರಿಸಿ. ಹತ್ತಿರ ಹಿಡಿಯಿರಿ, ನಿಮ್ಮ ಹೆಬ್ಬೆರಳು ಮಾತ್ರ ಕಾಣುವುದು."

ಅಂತೂ ಒಂದು ಪಾಲು ಬಂಗುಡೆ ಆರಿಸಿ ಬದಿಗೆ ಇಟ್ಟರು. ಅದನ್ನು ಕೊನೆಯ ಸಲ ತೋರಿಸುವಾಗ ಬದಿಯಿಂದ ಒಂದು ಬೆಕ್ಕು ಬಂತು.

"ರೀ, ಬೆಕ್ಕು! ಬೆಕ್ಕು!" ಎಂದು ಫೋನಿನಲ್ಲಿ ಹೆಂಡತಿ ಕೂಗಿದರು.

"ಮೊದಲು ಮೀನು ಸರಿಯಾಗಿ ನೋಡು. ಬೆಕ್ಕನ್ನು ಆಮೇಲೆ ನೋಡುವ," ಎಂದರು ಗಂಡ.

ಬೆಕ್ಕು ಅದರಲ್ಲೇ ದೊಡ್ಡದನ್ನು ಕಚ್ಚಿಕೊಂಡು ಹೊರಟಿತು. ಗಂಡ ಬೆಕ್ಕನ್ನು ಓಡಿಸಲಿಲ್ಲ. ಹೆಂಡತಿಗೆ ಚೆನ್ನಾಗಿ ಕಾಣಲಿ ಎಂದು ಫೋನನ್ನು ಅದರ ಹಿಂದೆಯೇ ತಿರುಗಿಸುತ್ತಾ ಮಾರುಕಟ್ಟೆಯ ಗೇಟಿನ ತನಕ ತೋರಿಸಿದರು. ಮೀನು ಮಾರುವ ಅಕ್ಕ ಕತ್ತಿ ಕೆಳಗಿಟ್ಟು ಹೇಳಿದರು: "ನೋಡಿ ಅಣ್ಣ, ಅದು ಕಣ್ಣು ನೋಡಲಿಲ್ಲ, ಕಿವಿರು ನೋಡಲಿಲ್ಲ, ಹೆಂಡತಿಯನ್ನೂ ಕೇಳಲಿಲ್ಲ. ನಿಮಗಿಂತ ಮೊದಲು ಮನೆ ಮುಟ್ಟಿತು."

೪. ತೊಡೆಯ ಮೇಲಿನ ಬ್ಯಾಗು

ಇದು ಮಾತ್ರ ನಗುವ ಮೊದಲು ನನ್ನ ಬೆವರು ಇಳಿಸಿದ ಪ್ರಸಂಗ.

ನಮ್ಮ ಬಸ್ಸುಗಳಲ್ಲಿ ಒಂದು ಕ್ರಮ ಉಂಟು. ನಿಂತವರು ತಮ್ಮ ಬ್ಯಾಗನ್ನು ಕೂತವರ ತೊಡೆಯ ಮೇಲೆ ಇಡುತ್ತಾರೆ. ಪರಿಚಯ ಬೇಡ, ಮಾತೂ ಬೇಡ. ಇಳಿಯುವಾಗ ತೆಗೆದುಕೊಂಡರಾಯಿತು. ಆ ದಿನ ಬೆಳಿಗ್ಗೆ ಕುಕ್ಕುಂದೂರಿನಲ್ಲಿ ಕಾಪುವಿನ ಒಬ್ಬ ಬ್ಯಾರಿ ಮುಸ್ಲಿಂ ಯುವಕ ಹತ್ತಿದ. ದುಬೈಯಲ್ಲಿ ಕೆಲಸ. ಅಲ್ಲಿಯ ಅಕ್ಕನ ಮನೆಗೆ ಹೋಗಿ ಹೊರಡುತ್ತೇನೆಂದು ಹೇಳಿ ಬಂದದ್ದು, ಸಂಜೆ ಮಂಗಳೂರಿನಿಂದ ವಿಮಾನ. ಸೀಟು ಇರಲಿಲ್ಲ. ಕರಿ ಬ್ಯಾಗನ್ನು ಕಿಟಕಿ ಬದಿಯ ಕನ್ನಡಕದ ಸಾರ್ ಒಬ್ಬರ ತೊಡೆಯ ಮೇಲೆ ಇಟ್ಟ. ಸಾರ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಸಿನಿಮಾ ನೋಡುತ್ತಿದ್ದರು. ಬ್ಯಾಗು ಬಂದದ್ದೇ ಗೊತ್ತಾಗಲಿಲ್ಲ. ಯುವಕನೂ ಹಿಂದೆ ಸರಿದು ಉಮ್ಮನಿಗೆ, ಅಂದರೆ ಅಮ್ಮನಿಗೆ, ವಿಡಿಯೊ ಕಾಲ್ ಮಾಡಿದ. ನಾನು ಎಂತ ಮಾಡುತ್ತಿದ್ದೆ ಎಂದು ಕೇಳಬೇಡಿ. ಕಂಡಕ್ಟರುಗಳ ಗ್ರೂಪಿಗೆ ಒಂದು ಸುಳ್ಳು ಸುದ್ದಿ ಹಾಕಿ, ಯಾರೆಲ್ಲ ನಂಬಿದರು ಎಂದು ನೋಡುತ್ತಿದ್ದೆ.

ಸಾರ್ ಮಣಿಪಾಲದಲ್ಲಿ ಇಳಿದರು. ಉಡುಪಿಯಲ್ಲಿ ಬಸ್ಸು ಖಾಲಿಯಾದಾಗ ಯುವಕ ಬಂದು ನೋಡಿದರೆ ಸೀಟಿನ ಮೇಲೆ ಏನೂ ಇಲ್ಲ. ಸೀಟಿನ ಅಡಿಯಲ್ಲಿ ಇನ್ನೊಂದು ಕರಿ ಬ್ಯಾಗು, ಅದು ಸಾರ್‌ನದ್ದು. ತಮ್ಮದೆಂದು ಇವನ ಬ್ಯಾಗು ಎತ್ತಿಕೊಂಡು ಹೋಗಿದ್ದಾರೆ!

"ಅಣ್ಣ, ಅದರಲ್ಲಿ ಪಾಸ್‌ಪೋರ್ಟ್ ಉಂಟು," ಎಂದ. "ಮನೆಯಲ್ಲಿ ಬಿಟ್ಟರೆ ಮರೆತು ಹೋಗಬಹುದೆಂದು ಉಮ್ಮನೇ ಹಾಕಿ ಕೊಟ್ಟದ್ದು. ಇವತ್ತು ಹೋಗದಿದ್ದರೆ ನನ್ನ ವೀಸಾ ಹೋಗುತ್ತದೆ, ಕೆಲಸವೂ ಹೋಗುತ್ತದೆ."

ಸಾರ್‌ನ ಬ್ಯಾಗಿನಲ್ಲಿ ಅವರ ವಿಸಿಟಿಂಗ್ ಕಾರ್ಡ್ ಸಿಕ್ಕಿತು. ಫೋನ್ ಮಾಡಿದೆ. ಕಟ್. ಮತ್ತೆ ಮಾಡಿದೆ. ಮತ್ತೆ ಕಟ್. ಇಡೀ ದಾರಿ ಫೋನಿನಿಂದ ಕಣ್ಣು ತೆಗೆಯದ ಮನುಷ್ಯ, ಫೋನ್ ಬಂದರೆ ಮಾತ್ರ ಎತ್ತುವುದಿಲ್ಲ! ಏಳನೆಯ ಸಲ ಎತ್ತಿದರು.

"ಸಾರ್, ನಿಮ್ಮ ಬ್ಯಾಗಿನಲ್ಲಿ ಬೇರೆಯವರ ಪಾಸ್‌ಪೋರ್ಟ್ ಉಂಟು," ಎಂದೆ.

ಸಾರ್ ನಕ್ಕರು. "ಇನ್ನು ನೀವು ಪೊಲೀಸ್ ಡ್ರೆಸ್ ಹಾಕಿ ವಿಡಿಯೊ ಕಾಲ್‌ನಲ್ಲಿ ಬರ್ತೀರಿ, ಅಲ್ವಾ? ನಿಮ್ಮಂಥ ಮೋಸಗಾರರ ಬಗ್ಗೆ ನಮ್ಮ ಆಫೀಸಿನಲ್ಲಿ ಭಾಷಣ ಮಾಡುವವನೇ ನಾನು."

"ಅಯ್ಯೋ, ನಾನು ಬಸ್ಸಿನ ಕಂಡಕ್ಟರ್ ಮಾರಾಯ್ರೆ. ಒಮ್ಮೆ ಜಿಪ್ ತೆಗೆದು ನೋಡಿ."

"ತೆಗೆದರೆ ನನ್ನ ಫೋನನ್ನು ಹ್ಯಾಕ್ ಮಾಡ್ತೀರಿ. ನನಗೆ ಗೊತ್ತುಂಟು."

ಇಪ್ಪತ್ತಾರು ವರ್ಷ ಊರಿಗೆಲ್ಲ ಸುಳ್ಳು ಹೇಳಿ ನಂಬಿಸಿದವ ನಾನು. ಜನ್ಮದಲ್ಲಿ ಮೊದಲ ಸಲ ನಿಜ ಹೇಳಿದರೆ ಕೇಳುವವರಿಲ್ಲ. ಪಕ್ಕದಲ್ಲಿ ಯುವಕ ಎರಡೂ ಕೈಯಲ್ಲಿ ಮಂಡೆ ಹಿಡಿದುಕೊಂಡು ನಿಂತಿದ್ದ. ಎರಡು ಗಂಟೆಗೆ ಅವನು ವಿಮಾನ ನಿಲ್ದಾಣದಲ್ಲಿ ಇರಬೇಕು. ಗಡಿಯಾರ ಆಗಲೇ ಹನ್ನೊಂದೂವರೆ ದಾಟಿತ್ತು.

"ಇನ್ನೊಂದು ಸಲ ಫೋನ್ ಮಾಡಿದರೆ ನಾನು ಸೀದಾ ಠಾಣೆಗೆ ಹೋಗಿ ದೂರು ಕೊಡುವವನೇ," ಎಂದರು ಸಾರ್.

ನನಗೆ ಅವರ ಕಾಲು ಹಿಡಿಯುವಷ್ಟು ಸಂತೋಷವಾಯಿತು. "ದಯವಿಟ್ಟು ಕೊಡಿ ಸಾರ್! ಈಗಲೇ ಹೋಗಿ. ಮಣಿಪಾಲದ ಠಾಣೆಗೇ ಹೋಗಿ. ಸಾಕ್ಷಿಗೆ ಬ್ಯಾಗನ್ನೂ ತೆಗೆದುಕೊಂಡು ಹೋಗಿ," ಎಂದು ಹೇಳಿ, ಅವರು ಮನಸ್ಸು ಬದಲಿಸದಿರಲಿ ಎಂದು ಇನ್ನೊಂದು ಸಲ ಫೋನೂ ಮಾಡಿದೆ.

ಮುಂದಿನ ಟ್ರಿಪ್ಪಿಗೆ ಬೇರೆ ಕಂಡಕ್ಟರನ್ನು ಹತ್ತಿಸಿ, ಸಾರ್‌ನ ಬ್ಯಾಗು ಹಿಡಿದು ಯುವಕನೊಟ್ಟಿಗೆ ರಿಕ್ಷಾದಲ್ಲಿ ಹೊರಟೆ. ದಾರಿಯುದ್ದಕ್ಕೂ ಅವನು ಬಾಯಿಯೊಳಗೇ ಪ್ರಾರ್ಥನೆ ಮಾಡುತ್ತಿದ್ದ, ನಾನು ಗೊತ್ತಿರುವ ದೈವಗಳಿಗೆಲ್ಲ ಹರಕೆ ಹೇಳುತ್ತಿದ್ದೆ. ಠಾಣೆಯೊಳಗೆ ಕಾಲಿಟ್ಟರೆ ಸಾರ್ ಅಲ್ಲೇ ಇದ್ದರು! ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಪೊಲೀಸರಿಗೆ ವಿವರಿಸುತ್ತಿದ್ದರು. "ನೋಡಿ ಸಾರ್, ನನ್ನ ಸ್ವಂತ ಬ್ಯಾಗಿನಲ್ಲಿ ಯಾರದೋ ಪಾಸ್‌ಪೋರ್ಟ್ ಉಂಟಂತೆ. ಎಂಥ ಕಥೆ ಕಟ್ಟುತ್ತಾರೆ!"

"ಒಮ್ಮೆ ತೆರೆಯಿರಿ," ಎಂದರು ಪೊಲೀಸ್.

ಜಿಪ್ ಎಳೆದದ್ದೇ ತಡ, ಒಣ ಸಿಗಡಿ ಚಟ್ನಿಯ ಪರಿಮಳ ಠಾಣೆ ತುಂಬ ಹರಡಿತು. ತಮ್ಮನಿಗೆಂದು ಅಕ್ಕ ಕಟ್ಟಿಕೊಟ್ಟ ಡಬ್ಬಿ ಅದು. ಅದರ ಅಡಿಯಲ್ಲಿ ಪಾಸ್‌ಪೋರ್ಟ್ ಇತ್ತು. ಸಾರ್ ಅದನ್ನು ಬಿಡಿಸಿ ಫೋಟೊ ನೋಡಿದರು, ಬಾಗಿಲಲ್ಲಿ ನಿಂತ ಯುವಕನ ಮುಖ ನೋಡಿದರು, ಮತ್ತೆ ಫೋಟೊ ನೋಡಿದರು. ಆಮೇಲೆ ಎರಡೂ ಕೈ ಮೇಲೆತ್ತಿ, "ಸಾರ್, ನಾನು ಶಾಕಾಹಾರಿ. ಇದು ನನ್ನ ಬ್ಯಾಗು ಅಲ್ಲವೇ ಅಲ್ಲ," ಎಂದರು.

ಯುವಕ ಪಾಸ್‌ಪೋರ್ಟನ್ನು ಕಣ್ಣಿಗೊತ್ತಿಕೊಂಡ. ನನ್ನನ್ನು ತಬ್ಬಿದ, ಸಾರ್‌ನನ್ನೂ ತಬ್ಬಿದ, ತಮ್ಮನ್ನೂ ತಬ್ಬಲು ಬಂದವನನ್ನು ಪೊಲೀಸರು "ಹೊರಡಪ್ಪ, ವಿಮಾನ ತಪ್ಪುತ್ತದೆ" ಎಂದು ಓಡಿಸಿದರು. ಅವನು ಅದೇ ರಿಕ್ಷಾ ಹತ್ತಿದ. ಎರಡಕ್ಕೆ ಹತ್ತು ನಿಮಿಷ ಇರುವಾಗ ವಿಮಾನ ನಿಲ್ದಾಣ ಮುಟ್ಟಿದೆನೆಂದು ಫೋನ್ ಮಾಡಿದ. ಮರುದಿನ ದುಬೈಯಿಂದ ಚಟ್ನಿ ಡಬ್ಬಿಯ ಫೋಟೊ ಕಳಿಸಿದ. ನಾನು ಅಷ್ಟು ನೆಮ್ಮದಿಯಿಂದ ಉಸಿರು ಬಿಟ್ಟದ್ದು ನನ್ನ ಮದುವೆಯ ದಿನವೂ ಇಲ್ಲ.

ಆ ದಿನ ಅವನು ಹೊರಟ ಮೇಲೆ ಠಾಣೆಯಲ್ಲಿ ಉಳಿದದ್ದು ನಾನು, ಸಾರ್ ಮತ್ತು ನನ್ನ ಕಂಕುಳಲ್ಲಿದ್ದ ಅವರ ಬ್ಯಾಗು. ಸಾರ್ ನಾಚಿಕೆಯಿಂದ ಕೈ ಚಾಚಿದರು. ನಾನು ಬ್ಯಾಗನ್ನು ಹಿಂದಕ್ಕೆ ಎಳೆದುಕೊಂಡು ಗಂಭೀರವಾಗಿ ಹೇಳಿದೆ: "ಹಾಗೆ ಕೊಡಲಿಕ್ಕೆ ಆಗುವುದಿಲ್ಲ ಸಾರ್. ಈಗ ನಿಮಗೆ ಒಂದು ಓಟಿಪಿ ಬರುತ್ತದೆ. ಅದನ್ನು ಹೇಳಿದರೆ ಬ್ಯಾಗು ನಿಮ್ಮದು."

ಮೋಸಗಾರರ ಬಗ್ಗೆ ಭಾಷಣ ಮಾಡುವ ನಮ್ಮ ಸಾರ್ ಕಿಸೆಯಿಂದ ಫೋನ್ ತೆಗೆದು, ಕನ್ನಡಕ ಸರಿಮಾಡಿಕೊಂಡು, ಅದನ್ನೇ ನೋಡುತ್ತಾ ನಿಂತರು. ಪೊಲೀಸರು ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು.

ಎರಡು ನಿಮಿಷ ಕಳೆದ ಮೇಲೆ ಸಾರ್ ತಲೆ ಎತ್ತದೆಯೇ ಹೇಳಿದರು: "ಇನ್ನೂ ಬರಲಿಲ್ಲ. ಇನ್ನೊಮ್ಮೆ ಕಳಿಸಿ ನೋಡಿ."