ಹೊಟ್ಟೆಯ ಕೊಬ್ಬು ಕಣ್ಣ ಕೆಳಗೆ

ಸಣ್ಣ ಮಗಳು ಮತ್ತೆ ಎದ್ದಳು. ನಾನು ಒಂದು ಸಾಲೂ ಬರೆದಿರಲಿಲ್ಲ, ಬಂದು ಪೆನ್ನು ಕಸಿದುಕೊಂಡಳು. ಹಗಲು ಬರೆಯಗೊಡುವುದಿಲ್ಲ, ರಾತ್ರಿ ಮಲಗಗೊಡುವುದಿಲ್ಲ. ಅದಕ್ಕೇ ನನ್ನ ಕಣ್ಣ ಕೆಳಗೆ ಎರಡು ಗುಳಿ ಬಿದ್ದಿವೆ. ಬೇರೆ ಕಡೆ ಕೆಲಸಕ್ಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನು ಕೂಡುವುದು ಬೈಲಹೊಂಗಲದ ಒಂದು ಚರ್ಮದ ದವಾಖಾನೆಯ ಕೌಂಟರಿನಲ್ಲಿ. ನಮ್ಮ ಡಾಕ್ಟರು ಹೊಟ್ಟೆಯ ಕೊಬ್ಬು ತೆಗೆದು, ಸೂಜಿಯಿಂದ ಕಣ್ಣ ಕೆಳಗಿನ ಗುಳಿಗೆ ತುಂಬುತ್ತಾರೆ. ಕಳೆದ ವಾರ ನನ್ನನ್ನೇ ದಿಟ್ಟಿಸಿ ನೋಡಿ, “ನಿನ್ನ ಮಾರಿ ನೋಡಿ ಇನ್ನೊಬ್ಬ ಗಿರಾಕಿ ತಿರುಗಿ ಹೋದ್ರ, ಈ ಕುರ್ಚಿ ಬ್ಯಾರೆದವ್ರಿಗೆ ಕೊಡತೇನಿ” ಅಂದರು. ನೀನೂ ಮಾಡಿಸಿಕೋ ಎನ್ನಲಿಲ್ಲ. ನನ್ನ ಪಗಾರ ಎಷ್ಟೆಂದು ಅವರಿಗೆ ಗೊತ್ತು.

ಇಂಥ ಕುರ್ಚಿಯಲ್ಲಿ ಕೂತವಳ ಮುಂದೆ ದಿನಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ.

ಮನೆಯ ಮಾಲು

ಸಂಪಗಾಂವದಿಂದ ಅತ್ತೆ, ಸೊಸೆ ಬಂದರು. ಸೊಸೆಯ ಕಣ್ಣುಗಳು ತಗ್ಗಿಗೆ ಹೋಗಿದ್ದವು, ಆದರೆ ಹೊಟ್ಟೆ ಚಿವುಟಿದರೆ ಕೈಗೆ ಬರೀ ಚರ್ಮ. ಕೊಬ್ಬು ಸಾಲದು ಅಂದರು ಡಾಕ್ಟರು. ಅತ್ತೆ ಸೆರಗು ಸರಿಸಿ ತಮ್ಮ ಹೊಟ್ಟೆ ತೋರಿಸಿದರು.

“ಮನ್ಯಾಗ ಇಷ್ಟ ಇಟಗೊಂಡು ಇಲ್ಲ ಅನ್ನೂದ್ಯಾಕ್ರಿ? ಇದರಾಗ ತಗೀರಿ.”

ಒಬ್ಬರದು ಇನ್ನೊಬ್ಬರಿಗೆ ನಡೆಯುವುದಿಲ್ಲ ಎಂದು ನಾನು ಹೇಳುವ ಮೊದಲೇ ಸೊಸೆ ಎದ್ದು ನಿಂತಳು.

“ಬ್ಯಾಡ್ರಿ ಅತ್ತಿ. ದಿನಾ ಮನಿತುಂಬ ನಿಮ್ಮನ್ನ ನೋಡತೇನಿ. ಕನ್ನಡ್ಯಾಗರ ನಾನೊಬ್ಬಾಕೀನ ಇರತೇನಿ.”

ಇಬ್ಬರೂ ಹೋದರು. ಅದು ನನ್ನ ಮಾರಿಯ ತಪ್ಪಲ್ಲ ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕಾಯಿತು.

ದಾನಿಗಳು

ಮುನವಳ್ಳಿಯ ಸಾವಕಾರರೊಬ್ಬರು, ಮಠಕ್ಕೆ ಫ್ಯಾನು ಕೊಟ್ಟು ಮೂರೂ ರೆಕ್ಕೆಗೆ ತಮ್ಮ ಹೆಸರು ಬರೆಸಿದವರು. ಅವರಿಗಿಂತ ಮೊದಲು ಅವರ ಹೊಟ್ಟೆ ಒಳಗೆ ಬಂತು. ಕಣ್ಣಿಗೆ ಒಂದೆರಡು ಚಮಚ ಕೊಬ್ಬು ಸಾಕು ಎಂದಾಗ ಅವರಿಗೆ ಬೇಜಾರಾಯಿತು.

“ಪೂರಾ ತಗದ ಬಿಡ್ರಿ. ಉಳಿದದ್ದು ಬಡವರಿಗೆ ಹಾಕ್ರಿ. ದಾನ ಅಂತ ತಿಳಕೊಂತೇನಿ.”

“ಹಂಗ ಬರೂದಿಲ್ರಿ ಸಾವಕಾರ್ರ,” ಅಂದೆ. “ಬಂದ್ರೂ ನಿಮ್ಮ ಹೆಸರು ಎಲ್ಲಿ ಬರಸೂದ್ರಿ? ಬಡವರ ಗಲ್ಲದ ಮ್ಯಾಲೇನ್ರಿ?”

ಸಾವಕಾರರು ಹೊಟ್ಟೆ ಸವರಿಕೊಂಡರು. “ಸಣ್ಣ ಅಕ್ಷರದಾಗ ಬರಸಿದ್ರಾತು.”

ಕಪ್ಪು ಚಷ್ಮಾ

ಕುರ್ಚಿ ಉಳಿಯಲಿ ಎಂದು ನಿನ್ನೆ ಗಂಡನ ಕಪ್ಪು ಚಷ್ಮಾ ಹಾಕಿಕೊಂಡು ಕೂತಿದ್ದೆ. ರಾಮದುರ್ಗದಿಂದ ಒಬ್ಬ ಅಕ್ಕ ಬಂದರು. ನೋವಾಗತೈತೇನು, ಬಾವು ಬರತೈತೇನು, ಎಲ್ಲ ಕೇಳಿದರು. ನಾನು ಪಟಪಟ ಹೇಳಿದೆ. ಡಾಕ್ಟರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮುಖದ ಮೇಲೆ ಅಪರೂಪಕ್ಕೆ ನಗುವಿತ್ತು. ಅಕ್ಕ ಒಪ್ಪಿ ಪರ್ಸಿನ ಝಿಪ್ ಎಳೆದರು.

ಕಪ್ಪು ಗಾಜಿನಲ್ಲಿ ಪಾವತಿ ಚೀಟಿ ಬರೆಯಲು ಕಾಣಲಿಲ್ಲ. ಚಷ್ಮಾ ತೆಗೆದೆ.

ಝಿಪ್ ಮತ್ತೆ ಮುಚ್ಚಿತು. ಡಾಕ್ಟರ ನಗುವೂ ಮುಚ್ಚಿತು. ಅವರು ಎರಡು ಹೆಜ್ಜೆ ಮುಂದೆ ಬಂದು ನನ್ನ ಬಾಯಿಯನ್ನೇ ನೋಡುತ್ತ ನಿಂತರು. ಅಕ್ಕ ನನ್ನ ಕಣ್ಣ ಕೆಳಗಿನ ಗುಳಿಗೆ ಬೆರಳು ತೋರಿಸಿ ಕೇಳಿದರು:

“ಖರೇ ಹೇಳ ತಂಗಿ, ಇಲ್ಲಿ ಮಾಡಿಸ್ಕೊಂಡು ಹಿಂಗ ಆಗೀಯೋ, ಇಲ್ಲೇ ಇದ್ದೂ ಮಾಡಿಸ್ಕೊಳ್ಳದ ಹಿಂಗ ಅದೀಯೋ?”