ಅತ್ತಿ-ಸೊಸಿ ಕಂಪನಿ ಮತ್ತು ರಾಮದುರ್ಗದ ರಸಿಕ

ಅತ್ತಿ-ಸೊಸಿ ಜಗಳಾಡತಾರ ಅಂತ ಊರ ಗಂಡಸ್ರೆಲ್ಲಾ ಅಳತಾರ. ನಮ್ಮ ಮನ್ಯಾಗ ಅವರಿಬ್ಬರೂ ಜಗಳಾಡೂದು ಬಿಟ್ಟಾರ ಅಂತ ನಾ ಅಳತೇನಿ. ನಗಬ್ಯಾಡ್ರಿ, ಪೂರ್ತಿ ಕೇಳ್ರಿ.

ಮೊದಲ ನಮ್ಮ ಬೈಲಹೊಂಗಲದ ಮನ್ಯಾಗ ನನ್ನ ಸಂಸ್ಥಾನ ಭಾಳ ಸುಖದಾಗಿತ್ತು. ನಮ್ಮವ್ವ ಸೋಮವ್ವ, "ಆಕಿ ಮಾಡಿದ್ದೇನ್ ತಿಂತಿ ಬಿಡೋ ಶ್ರೀಶೈಲಾ" ಅಂತ ಎಣ್ಣಿಗಾಯಿ ಮಾಡಾಕಿ. ಅದನ್ನ ನೋಡಿ ನನ್ನ ಹೆಂಡ್ತಿ ಅನ್ನಪೂರ್ಣಾ ಹಟಕ್ಕ ಬಿದ್ದು ಹೋಳಿಗಿ ಮಾಡಾಕಿ. ನಾ ದಲಾಲಿ ಅಂಗಡಿ ಮನಷ್ಯಾ, ಎರಡೂ ಕಡೆ ಕಮಿಷನ್ ತಗೊಳ್ಳೂದು ನನಗ ರೂಢಿ.

ಎರಡು ಸಾವಿರದ ಒಂಬತ್ತರಾಗ ಮನಿಗೆ ಕಂಪ್ಯೂಟರ್ ಬಂತು, ಅದರ ನೆತ್ತಿ ಮ್ಯಾಲೆ ಒಂದು ಕ್ಯಾಮೆರಾನೂ ಬಂತು. ಒಂದಿನ ಅವ್ವ ಶೇಂಗಾ ಆರಿಸ್ಕೋತ ಬೀಸೂ ಪದ ಹಾಡಾಕ ಹತ್ತಿದ್ಲು. ಧಾರವಾಡದ ಕಾನ್ವೆಂಟಿನ್ಯಾಗ ಇಂಗ್ಲಿಷ್ ಪ್ರಾರ್ಥನಾ ಕಲ್ತ ನನ್ನ ಹೆಂಡ್ತಿ ತನ್ನ ಕ್ಯಾಸಿಯೋ ಕೀಬೋರ್ಡ್ ತಗದು, ಅದಕ್ಕ ಇಂಗ್ಲಿಷ್ ಆಲಾಪ ಹಚ್ಚಿದ್ಲು. ಅಲ್ಲಿಗೆ ನನ್ನ ಗ್ರಹಚಾರ ಸುರು ಆತು. ಕ್ಯಾಮೆರಾದಾಗ ಹಿಡದ ಆ ಹಾಡು ತಗೊಂಡು ಹುಬ್ಬಳ್ಳಿಯ ಒಂದು ಕ್ಯಾಸೆಟ್ ಕಂಪನಿಗೆ ಹೋದ್ರ ಅಲ್ಲಿ ಸಾಹೇಬ್ರು, "ಇದು ಭಜನಿ ಅಲ್ಲ, ಭಾವಗೀತಿ ಅಲ್ಲ, ಸಿನಿಮಾನೂ ಅಲ್ಲ. ಯಾವ ಕಪಾಟಿನ್ಯಾಗ ಇಡೂಣ್ರಿ?" ಅಂತ ಚಹಾ ಕುಡಿಸಿ ಕಳಿಸಿದ್ರು.

"ಕಂಪನಿ ಹೋದ್ರ ಹೋಗ್ಲಿ ಬಿಡ್ರಿ ಅತ್ತೀ," ಅಂದ್ಲು ಅನ್ನಪೂರ್ಣಾ, ಹಾಡು ತಗೊಂಡು ಇಂಟರ್ನೆಟ್ಟಿಗೆ ಹಾಕೇ ಬಿಟ್ಲು. ಹೆಸರು "ಅತ್ತಿ-ಸೊಸಿ". ಪುಣೇದಾಂವ ಯಾಂವೋ ಒಬ್ಬ ಇದು ಸೋಲ್ ಸಂಗೀತ ಅಂತ ಬರದ. ಸೋಲ್ ಅಂದ್ರ ಆತ್ಮ ಅಂತ. (ನನ್ನ ಆತ್ಮ ಆ ಹೊತ್ತಿನ್ಯಾಗ ರೊಟ್ಟಿ, ರೊಟ್ಟಿ ಅನ್ನಾಕ ಹತ್ತಿತ್ತು.)

ಅಡಗಿಮನಿ ಸ್ಟುಡಿಯೋ ಆತು. ಕುಕ್ಕರ್ ಸೀಟಿ ಹೊಡೀತೈತಿ ಅಂತ ಬ್ಯಾಳಿ ಬೇಯಿಸೂದು ಬಂದ್. ಹಸಗೊಂಡು ಒಳಗ ಕಾಲಿಟ್ರ ಇಬ್ಬರೂ ಕೂಡೇ, "ಶ್ಶ್! ರೆಕಾರ್ಡಿಂಗ್!" ಅನ್ನಾವ್ರು. ಹುಟ್ಟಿದಾಗಿಂದ ನನ್ನ ಕಡೆ ಇದ್ದ ಅವ್ವನೂ ಪಾರ್ಟಿ ಬದಲಿ ಮಾಡಿದ್ಲಲ್ಲಾ ಅಂತ ಹೊಟ್ಟಿ ಉರೀತು.

ಆಗ ನನ್ನ ತಲಿಯೊಳಗ ಒಂದು ದಿವ್ಯ ವಿಚಾರ ಉದಯ ಆತು. ಇವರನ್ನ ಒಡದ್ರ ನನ್ನ ಎಣ್ಣಿಗಾಯಿ ನನಗ ವಾಪಸ್ ಬರತೈತಿ! ಬಜಾರದ ಸಂಜೂನ ಸೈಬರ್ ಕೆಫೆಗೆ ಹೋಗಿ ಮೂಲ್ಯಾಗ ಕುಂತು ಎರಡು ಅವತಾರ ತಾಳಿದೆ. ಒಂದು "ರಾಮದುರ್ಗದ ರಸಿಕ", ಇನ್ನೊಂದು "ಸವದತ್ತಿ ಸಂಗೀತಪ್ರೇಮಿ". ಹಾಡಿನ ಬುಡಕ್ಕ ರಸಿಕ ಬರದ: "ಹಿರೇರ ದನಿ ಅಪ್ಪಟ ಬಂಗಾರ. ಸೊಸಿದು ತಗಡು. ಹಾಡಿನ ಗುಂಗಿನ್ಯಾಗ ಸಾರಿಗೆ ಎರಡೆರಡು ಸಲ ಉಪ್ಪು ಹಾಕೂ ಹೆಣ್ಣಮಗಳು!" ಪ್ರೇಮಿ ಸುಮ್ಮನಿರ್ತಾನೇನು? "ಸೊಸಿನ ಖರೇ ಕಲಾವಿದೆ. ಆ ಮುದುಕಿಗೆ ಎಷ್ಟು ಸೊಕ್ಕಂದ್ರ, ಮಗಾ ಮುಂಜಾನಿ ಚಹಾ ಕುಡದಾನೋ ಇಲ್ಲೋ ಅಂತ ಕೇಳೂದನ್ನೂ ಬಿಟ್ಟಾಳ!"

ಮರದಿನ ಸಂಜಿಕೆ ಬಾಯಾಗ ನೀರು ಸುರಿಸ್ಕೋತ ಮನಿಗೆ ಬಂದೆ. ಎಣ್ಣಿಗಾಯಿ ವಾಸನಿ ಇಲ್ಲ. ಪಡಸಾಲ್ಯಾಗ ಅವ್ವ ಗಂಟು ಕಟ್ಟಾಕ ಹತ್ಯಾಳ, ಹೆಂಡ್ತಿ ಸೂಟ್‌ಕೇಸ್ ತುಂಬಾಕ ಹತ್ಯಾಳ.

"ನಾ ದೊಡವಾಡಕ್ಕ ಪದ್ಮವ್ವನ ಮನಿಗೆ ಹೊಂಟೆ," ಅಂದ್ಲು ಅವ್ವ. ಪದ್ಮವ್ವ ನಮ್ಮ ಅಕ್ಕ. "ಇನ್ನ ನಾ ಈ ಹೊಸ್ತಿಲಾ ತಿರುಗಿ ತುಳಿಯೂದಿಲ್ಲ."

"ನಾನೂ ಧಾರವಾಡಕ್ಕ ಹೊಂಟೇನಿ. ತವರಮನಿ ಏನ್ ಮುಳುಗಿ ಹೋಗಿಲ್ಲ," ಅಂದ್ಲು ಈಕಿ.

ನಾ ಕೇಳಿದ್ದು ಊಟದ ಜಗಳ, ಬಂದದ್ದು ಮನಿ ಮುರಿಯೂ ಜಗಳ. ಎಪ್ಪತ್ತರ ಮುದುಕಿ ನನ್ನ ಹೊಟ್ಟಿ ಸಲುವಾಗಿ ಬಸ್ಸು ಹತ್ತಬೇಕಾ? "ಯವ್ವಾ, ಕುಂಡ್ರ ಸ್ವಲ್ಪ..." ಅಂದೆ. ಯಾರ್ ಕೇಳಬೇಕು!

"ನಿಮ್ಮ ರಸಿಕ ನನಗ ತಗಡು ಅಂದಾನ್ರಿ! ಸಾರಿಗೆ ಎರಡು ಸಲ ಉಪ್ಪು ಹಾಕತೇನಂತ!"

"ನಿನ್ನ ಪ್ರೇಮಿ ಏನ್ ಕಡಿಮಿ ಅಂದಾನೇನು? ಮಗಗ ನಾ ಚಹಾ ಕೇಳೂದಿಲ್ಲಂತ!"

ಅವ್ವನ ಕೈ ಗಂಟಿನ ಮ್ಯಾಲೇ ನಿಂತಿತು.

"ಅಲ್ಲಾ ಅತ್ತೀ," ಅಂದ್ಲು ಅನ್ನಪೂರ್ಣಾ ಸಾವಕಾಶ, "ನಮ್ಮ ಸಾರಿನ ಉಪ್ಪು ರಾಮದುರ್ಗದಾಂವಗ ಹೆಂಗ ಗೊತ್ತಾತು?"

"ನಮ್ಮ ಚಹಾದ ಸುದ್ದಿ ಸವದತ್ತಿ ಮಟಾ ಯಾರ್ ಮುಟ್ಟಿಸಿದ್ರು?" ಅಂದ್ಲು ಅವ್ವ.

ನಾಕೂ ಕಣ್ಣು ನನ್ನ ಕಡೆ ಹೊಳ್ಳಿದ್ವು. ನಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ.

"ಭಾಡ್ಯಾ!" ಅಂದ್ಲು ಅವ್ವ.

ಸುಳ್ಳ್ಯಾಕ ಹೇಳ್ಲಿ, ಆ ಬೈಗಳಾ ಕೇಳಿ ಹೋದ ಜೀವ ಬಂದಂಗಾತು. ಬೈಯೂ ಅವ್ವ ಎಲ್ಲಿಗೂ ಹೋಗೂದಿಲ್ಲ. ಖರೇನ, ಬೈಕೋತನ ಗಂಟು ಬಿಚ್ಚಿದ್ಲು. ಸೊಸಿ ಅವ್ವನ ಇಳಕಲ್ ಸೀರಿ ಮಡಚಿ ಟ್ರಂಕಿನ್ಯಾಗ ಇಟ್ಲು.

ಆದ್ರ ಶಿಕ್ಷಾ? ಅನ್ನಪೂರ್ಣಾ ಕಂಪ್ಯೂಟರ್ ನೋಡಿ ಕುಣದಾಡಿದ್ಲು. ರಸಿಕನ ಪಾರ್ಟಿ ಕಿತ್ತೂರಿನಾಗ, ಪ್ರೇಮಿ ಪಾರ್ಟಿ ಬೆಳಗಾವ್ಯಾಗ ಹುಟ್ಟಿ ಹಗಲಿಡೀ ಬಡದಾಡಾಕ ಹತ್ತಿದ್ರು, ಕೇಳೋರು ನಾಕ್ಪಟ್ಟು ಆಗಿದ್ರು. "ರೀ, ಇನ್ನ ಪ್ರತಿ ಹಾಡಿಗೂ ನೀವು ಹಿಂಗ ಬೈದು ಬರಬೇಕು. ಬೈದು ಬಂದ್ರ ಬಿಸಿ ರೊಟ್ಟಿ," ಅಂತ ಹುಕುಂ ಆತು. ಅಂದಿನಿಂದ ನಾ ಅತ್ತಿ-ಸೊಸಿ ಕಂಪನಿಯ ಬಿಟ್ಟಿ ನೌಕರ.

ಹೋದ ವಾರ ಹೊಸಾ ಹಾಡು ಬಂತು. ನಾ ಸಣ್ಣಾಂವ ಇದ್ದಾಗ ತೊಡಿ ಮ್ಯಾಲೆ ಮಲಗಿಸ್ಕೊಂಡು ಅವ್ವ ಬೀಸ್ಕೋತ ಹಾಡತಿದ್ದ ಪದ. ಅದರ ಹಿಂದ ಅನ್ನಪೂರ್ಣಾನ ದನಿ ಸಣ್ಣಾಗಿ ಎದ್ದು ಬಂತು. ಸೈಬರ್‌ನ್ಯಾಗ ಕಿವಿಗೆ ಹೆಡ್‌ಫೋನ್ ಹಚಗೊಂಡು ಕೇಳಿದೆ, ಕಣ್ಣಾಗ ನೀರು ಬಂತ್ರೀ. ಬೈಯಾಕ ಕೈ ಏಳಲಿಲ್ಲ. "ಇಂಥಾ ಹಾಡು ನಾ ಕೇಳೇ ಇಲ್ಲ. ಈ ಜೋಡಿ ನೂರು ವರ್ಷ ಹಿಂಗ ಇರ್ಲಿ," ಅಂತ ರಸಿಕನ ಹೆಸರಿಲೇ ಮನಸ್ಸು ಬಿಚ್ಚಿ ಬರದೆ.

ಮನಿಗೆ ಬಂದ್ರ ಇಬ್ಬರೂ ಬಾಗಲದಾಗ ನಿಂತಾರ.

"ಏನ್ ಬರದೀರಿ? ಜನಾ ಎಲ್ಲಾ 'ರಸಿಕಾ, ಎಷ್ಟು ರೊಕ್ಕ ತಿಂದಿ?' ಅಂತ ಕೇಳಾಕ ಹತ್ಯಾರ! ಜಗಳಾ ನಿಂತು ಕೇಳೋರೂ ಕಡಿಮಿ ಆದ್ರು!"

"ಒಂದು ಬೈಯೂ ಕೆಲಸಾನೂ ನೆಟ್ಟಗ ಬರೂದಿಲ್ಲ ಇವಗ," ಅಂದ್ಲು ಅವ್ವ.

ಉಣ್ಣಾಕ ಕುಂತೆ. ತಾಟಿನ್ಯಾಗ ನಿನ್ನಿ ರೊಟ್ಟಿ ಇತ್ತು. ಸಾರಿನ್ಯಾಗ ಉಪ್ಪು ಎರಡು ಸಲ ಬಿದ್ದಿತ್ತು. ಒಮ್ಮೆ ಅವ್ವ ಹಾಕಿದ್ದು, ಒಮ್ಮೆ ಆಕಿ ಹಾಕಿದ್ದು.